ಹಲಸಿಗಿಲ್ಲದ ಆಯಾಸ ಮಾವಿಗೇಕೆ?

ಪ್ರಶ್ನೆ: ನಮ್ಮದು ಜಯನಗರದ ಹಳೆಯ ಮನೆ. ಹಿತ್ತಲಲ್ಲಿ ಒಂದು ಬಾದಾಮಿ ಮಾವು, ಕಾಂಪೌಂಡಿನ ಮೂಲೆಯಲ್ಲಿ ಒಂದು ಹಲಸು ಇವೆ. ಮಾವು ಒಂದು ವರ್ಷ ಕೊಂಬೆ ಬಾಗುವಷ್ಟು ಬಿಡುತ್ತದೆ, ಮರುವರ್ಷ ಬರೀ ಎಲೆ. ಹಲಸು ಮಾತ್ರ ಹೆಚ್ಚು ಕಡಿಮೆ ಪ್ರತಿ ವರ್ಷವೂ ಬಿಡುತ್ತದೆ. ‘ಮರ ಬೆಳೆಯುವ ವರ್ಷ ಕಾಯಿ ಬಿಡುವುದಿಲ್ಲ, ಕಾಯಿ ಬಿಡುವ ವರ್ಷ ಬೆಳೆಯುವುದಿಲ್ಲ’ ಎಂದು ನಮ್ಮ ತಂದೆ ಹೇಳುತ್ತಿದ್ದರು. ಇದು ನಿಜವೇ? ನಿಜವಾದರೆ ಹಲಸಿಗೆ ಯಾಕೆ ಅನ್ವಯಿಸುವುದಿಲ್ಲ? ತುರಹಳ್ಳಿ, ಬನ್ನೇರುಘಟ್ಟದ ಕಾಡುಮರಗಳಿಗೂ ಇದೇ ನಿಯಮವೇ? ಕಾಂಡಕ್ಕೆ ಮೊಳೆ ಹೊಡೆದರೆ ಪ್ರತಿ ವರ್ಷ ಕಾಯಿ ಬಿಡುತ್ತದೆ ಎನ್ನುತ್ತಾರೆ ಪಕ್ಕದ ಮನೆಯವರು. ಹಾಗೆ ಮಾಡಬಹುದೇ?
— ಒಬ್ಬ ಓದುಗರು, ಜಯನಗರ

ಉತ್ತರ: ನೀವು ಎರಡು ಮರಗಳನ್ನು ಒಟ್ಟಿಗೆ ನೋಡಿ ಪ್ರಶ್ನೆ ಕೇಳಿದ್ದೀರಿ. ಅದು ನನಗೆ ತುಂಬ ಸಂತೋಷ ಕೊಟ್ಟಿತು. ಮಾವೊಂದನ್ನೇ ನೋಡಿದ್ದರೆ ‘ಮರಕ್ಕೆ ಆಯಾಸವಾಗಿದೆ’ ಎಂದು ಹೇಳಿ ಮುಗಿಸಬಹುದಿತ್ತು. ಪಕ್ಕದಲ್ಲೇ ಹಲಸು ನಿಂತಿರುವುದರಿಂದ ಆ ಉತ್ತರ ಸಾಲದು. ಒಂದೊಂದು ಹಣ್ಣಿಗೆ ಹತ್ತಾರು ಕಿಲೋ ತೂಕ ತುಂಬುವ ಮರ ಹಲಸು. ಆಯಾಸವಾಗುವುದಿದ್ದರೆ ಮೊದಲು ಆಗಬೇಕಾದದ್ದು ಅದಕ್ಕೇ ಅಲ್ಲವೇ?

ನಿಮ್ಮ ಸಂದೇಹವನ್ನು ಹೀಗೆ ಬಿಡಿಸಿಕೊಳ್ಳೋಣ. ಬೆಳವಣಿಗೆಗೂ ಹೂವು-ಕಾಯಿಗೂ ನಡುವೆ ನಿಜವಾಗಿಯೂ ಪೈಪೋಟಿ ಇದೆಯೇ? ಇದ್ದರೆ ಅದು ಮರದ ಯಾವ ಭಾಗದಲ್ಲಿ ನಡೆಯುತ್ತದೆ? ಬೆಳವಣಿಗೆ ಹೆಚ್ಚಿ ಕಾಯಿ ಕಡಿಮೆಯಾದದ್ದು ಕಂಡಾಗಲೆಲ್ಲ ಅದಕ್ಕೆ ಈ ಪೈಪೋಟಿಯೇ ಕಾರಣವೇ? ಮೂರನೆಯದರಲ್ಲಿ ಬಹಳ ಮಂದಿ ಎಡವುತ್ತಾರೆ. ಆದ್ದರಿಂದ ಅಲ್ಲಿ ಸ್ವಲ್ಪ ನಿಂತು ಹೋಗೋಣ.

ಮೊದಲು ನಿಮ್ಮ ತಂದೆಯವರ ಮಾತು. ಅದರ ಬುನಾದಿ ಗಟ್ಟಿಯಾಗಿದೆ. ಎಲೆಗಳು ಬಿಸಿಲಿನಲ್ಲಿ ಸಕ್ಕರೆ ತಯಾರಿಸುತ್ತವೆ. ಬೇರುಗಳು ನೀರಿನ ಜೊತೆ ಸಾರಜನಕ, ರಂಜಕ, ಪೊಟ್ಯಾಷ್‌ಗಳನ್ನು ಎಳೆದು ತರುತ್ತವೆ. ಹೊಸ ಎಲೆ, ಹೊಸ ಕೊಂಬೆ, ಕಾಂಡದ ದಪ್ಪ, ಬೇರಿನ ಹರಹು, ಹುಳಹುಪ್ಪಟೆಯಿಂದ ರಕ್ಷಣೆ, ಹೂವು, ಹಣ್ಣು, ಬೀಜ ಎಲ್ಲವೂ ಇಷ್ಟರಲ್ಲೇ ಆಗಬೇಕು. ಮಾವಿನ ಹಣ್ಣಿಗೆ ಸೇರಿದ ಸಕ್ಕರೆ ಆ ಮರದ ಕಾಂಡದಲ್ಲಿ ಕಟ್ಟಿಗೆಯಾಗಲಾರದು, ಬೀಜಕ್ಕೆ ಹೋದ ಸಾರಜನಕ ಎಲೆಗೆ ಮರಳದು. ಇದರಲ್ಲಿ ವಿವಾದವೇನೂ ಇಲ್ಲ.

ತೋಟಗಾರರು ಇದನ್ನು ವಿಜ್ಞಾನಿಗಳಿಗಿಂತ ಮೊದಲೇ ಬಲ್ಲರು. ಲಾಲ್‌ಬಾಗಿನ ನರ್ಸರಿಯಿಂದ ಕಸಿ ಮಾವಿನ ಗಿಡ ತಂದವರಿಗೆ ಒಂದು ಅನುಭವ ಆಗಿರುತ್ತದೆ. ಮೊಣಕಾಲೆತ್ತರವೂ ಇಲ್ಲದ ಗಿಡ ಮೊದಲ ವರ್ಷವೇ ಹೂ ಬಿಡುತ್ತದೆ. ನಮಗೆ ಹಿಗ್ಗು. ತಿಳಿದವರು ಮಾತ್ರ ‘ಮೊದಲ ಎರಡು ಮೂರು ವರ್ಷ ಹೂವನ್ನು ಚಿವುಟಿಹಾಕಿ’ ಎನ್ನುತ್ತಾರೆ. ಕಸಿಗೆ ಬಳಸಿದ ಕುಡಿ ಕಾಯಿ ಬಿಡುವ ವಯಸ್ಸಿನ ಮರದಿಂದ ಬಂದದ್ದು, ಅದಕ್ಕೆ ಹೂ ಬಿಡುವ ಸಾಮರ್ಥ್ಯ ಆಗಲೇ ಇದೆ. ಆದರೆ ಕೆಳಗಿರುವ ಬೇರು, ಕಾಂಡ ಇನ್ನೂ ಎಳೆಯವು. ಆಗ ಕಾಯಿ ನಿಲ್ಲಿಸಿಕೊಂಡರೆ ಗಿಡ ಕುಳ್ಳಾಗಿಯೇ ಉಳಿಯುತ್ತದೆ. ಓಟೆಯಿಂದ ಎದ್ದ ಗಿಡವಾದರೆ ಈ ತಂಟೆಯಿಲ್ಲ, ಅದು ಐದಾರು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬರೀ ಬೆಳೆಯುತ್ತದೆ.

ಈ ಪೈಪೋಟಿಯ ತೀರಾ ಕಡು ರೂಪವನ್ನು ನೋಡಬೇಕಿದ್ದರೆ ನೀವು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಹಳೆಯ ತೋಟಗಳಲ್ಲಿ, ಬಂಗಲೆಗಳ ಅಂಗಳದಲ್ಲಿ ಬಗನಿ ಮರ ಕಾಣುತ್ತದೆ. ಮಲೆನಾಡಿನಲ್ಲಿ ಇದಕ್ಕೆ ಬೈನೆ ಎನ್ನುತ್ತಾರೆ. ಎಲೆ ಮೀನಿನ ಬಾಲದಂತೆ ಸೀಳಿಕೊಂಡಿರುವ, ಒಂಟಿ ಕಾಂಡದ, ತಾಳೆ ಜಾತಿಯ ಮರ. ಹತ್ತು ಹದಿನೈದು ವರ್ಷವೋ ಅದಕ್ಕೂ ಹೆಚ್ಚೋ ಅದು ಬೆಳೆಯುವುದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ. ಕಾಂಡದ ತಿರುಳಿನಲ್ಲಿ ಪಿಷ್ಟ ತುಂಬಿಕೊಳ್ಳುತ್ತ ಹೋಗುತ್ತದೆ. ಬರಗಾಲದಲ್ಲಿ ಆ ತಿರುಳಿನ ಹಿಟ್ಟನ್ನೇ ಜನ ಉಂಡದ್ದಿದೆ. ಒಂದು ದಿನ ತುದಿಯಲ್ಲಿ ಮೊದಲ ಹೂಗೊಂಚಲು ಇಳಿಯುತ್ತದೆ, ಉದ್ದ ಜಡೆಗಳ ಕಟ್ಟಿನಂತೆ. ಅಲ್ಲಿಂದ ಮುಂದೆ ಮರ ಎತ್ತರ ಬೆಳೆಯುವುದಿಲ್ಲ, ಹೊಸ ಎಲೆ ಬಿಡುವುದಿಲ್ಲ. ಮುಂದಿನ ಗೊಂಚಲು ಅದರ ಕೆಳಗಿನ ಗೆಣ್ಣಿನಲ್ಲಿ, ಅದರ ಮುಂದಿನದು ಇನ್ನೂ ಕೆಳಗೆ. ಹೀಗೆ ಕೆಲವು ವರ್ಷ ಮೇಲಿನಿಂದ ಕೆಳಕ್ಕೆ ಹೂ ಬಿಡುತ್ತ ಬಂದು, ಕೊನೆಯ ಗೊಂಚಲಿನ ಕಾಯಿ ಹಣ್ಣಾದ ಮೇಲೆ ಮರ ಸಾಯುತ್ತದೆ. ಹಣ್ಣಿನ ರಸ ತಾಗಿದರೆ ಕೈಯೆಲ್ಲ ತುರಿಕೆ. ಅದನ್ನು ಮುಟ್ಟದೆ ದೂರದಿಂದಲೇ ಗೊಂಚಲುಗಳನ್ನು ಎಣಿಸಿದರೆ ಆ ಮರದ ಆಯುಸ್ಸು ಎಷ್ಟು ಉಳಿದಿದೆಯೆಂದು ಅಂದಾಜಿಸಬಹುದು. ಹೂ ಬಿಡುವ ಕಾಲದಲ್ಲಿ ಗೊಂಚಲಿನ ತುದಿ ಕೊಯ್ದರೆ ಸಿಹಿಯಾದ ರಸ ಒಸರುತ್ತದಲ್ಲ, ಬೈನೆ ಹೆಂಡ, ಬೈನೆ ಬೆಲ್ಲ ಎಲ್ಲ ಅದರಿಂದಲೇ ಆಗುವುದು. ಕಾಂಡದಲ್ಲಿ ಕೂಡಿಟ್ಟ ಪಿಷ್ಟ ಸಕ್ಕರೆಯಾಗಿ ಕರಗಿ ಹೂವಿನತ್ತ ಹೊರಟಿರುತ್ತದೆ. ಮರದ ದಾಸ್ತಾನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವುದನ್ನು ಇಷ್ಟು ಕಣ್ಣಾರೆ ತೋರಿಸುವ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ.

ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡಗಳ ಶ್ರೀತಾಳೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಓಲೆಗರಿಗಳಿಗಾಗಿ ಹೆಸರಾದ ಈ ಮರ ಮೂವತ್ತರಿಂದ ಎಂಬತ್ತು ವರ್ಷ ಕಾದು, ನೆತ್ತಿಯಲ್ಲಿ ಮನೆಯೆತ್ತರದ ಒಂದೇ ಒಂದು ಹೂಗೊಂಚಲು ಎತ್ತಿ, ಕಾಯಿ ಬಲಿತ ಮೇಲೆ ಒಣಗಿಹೋಗುತ್ತದೆ. ನಲವತ್ತು ಐವತ್ತು ವರ್ಷಕ್ಕೊಮ್ಮೆ ಇಡೀ ಕಾಡಿನಲ್ಲಿ ಒಟ್ಟಿಗೇ ಹೂ ಬಿಟ್ಟು ಸಾಯುವ ಹೆಬ್ಬಿದಿರಿನ ಕಥೆಯೂ ಹೀಗೆಯೇ, ಅದು ಹುಲ್ಲಿನ ಕುಲದ್ದು ಎಂಬುದೊಂದು ವ್ಯತ್ಯಾಸ.

ಮಾವು, ಹಲಸು, ಹೊಂಗೆ, ತೇಗಗಳು ಹಾಗೆ ಒಂದೇ ಸಲಕ್ಕೆ ಮುಗಿಸುವ ಮರಗಳಲ್ಲ. ಅವು ವರ್ಷವೂ ಬೆಳೆಯಬೇಕು, ವರ್ಷವೂ ಹೂ ಬಿಡಬೇಕು. ಇಲ್ಲಿ ಪೈಪೋಟಿ ಎಲ್ಲಿ ನಡೆಯುತ್ತದೆ ಎಂಬುದೇ ನಿಮ್ಮ ಹಲಸಿನ ಪ್ರಶ್ನೆಗೆ ಕೀಲಿ. ಇದಕ್ಕೆ ನೀವು ಒಂದು ಕೆಲಸ ಮಾಡಬೇಕು. ಮಾವಿನ ಮರದ ಕೈಗೆಟಕುವ ಒಂದು ಕೊಂಬೆಯನ್ನು ಬಗ್ಗಿಸಿ ಅದರ ತುದಿಯನ್ನು ನೋಡಿ.

ಕೊಂಬೆಯ ತುದಿಯಲ್ಲಿ ಒಂದು ಮೊಗ್ಗು ಇರುತ್ತದೆ. ಅದು ಒಡೆದು ಚಿಗುರಾಗಬಹುದು, ಇಲ್ಲವೇ ಹೂಗೊಂಚಲಾಗಬಹುದು. ಮಾವಿನ ಹೂಗೊಂಚಲು ಬರುವುದು ಹೆಚ್ಚಾಗಿ ಈ ತುದಿಮೊಗ್ಗಿನಿಂದಲೇ. ಅದು ಹೂವಾಯಿತೆಂದರೆ ಆ ಕುಡಿ ಅಲ್ಲಿಗೆ ನಿಂತಿತು. ಡಿಸೆಂಬರ್-ಜನವರಿಯಲ್ಲಿ ಹೂ, ಫೆಬ್ರುವರಿ-ಮಾರ್ಚ್‌ನಲ್ಲಿ ಮಿಡಿ, ಮೇ-ಜೂನ್‌ನಲ್ಲಿ ಹಣ್ಣು. ಅಷ್ಟೂ ದಿನ ಆ ತುದಿ ಹಣ್ಣಿನ ತೊಟ್ಟಾಗಿ ಇರುತ್ತದೆಯೇ ಹೊರತು ಬೆಳೆಯುವುದಿಲ್ಲ. ಒಂದು ಗೊಂಚಲಿನಲ್ಲಿ ನೂರಾರು ಹೂಗಳಿದ್ದು, ಅವುಗಳಲ್ಲಿ ನೂರಕ್ಕೆ ಒಂದೂ ಹಣ್ಣಾಗದಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ, ಏಕೆಂದರೆ ತುದಿ ಖರ್ಚಾದದ್ದು ಖರ್ಚಾದದ್ದೇ.

ಈಗ ಹಲಸಿನ ಬಳಿ ಹೋಗಿ. ಕಾಯಿ ಎಲ್ಲಿ ಕೂತಿದೆ? ಕಾಂಡದ ಮೇಲೆ, ದಪ್ಪ ಕೊಂಬೆಗಳ ಮೇಲೆ. ಅಲ್ಲಿನ ಹಳೆಯ ತೊಗಟೆಯಿಂದ ಗಿಡ್ಡ ಕಡ್ಡಿಗಳು ಹೊರಟು, ಕಾಯಾಗುವ ಹೆಣ್ಣು ಗೊಂಚಲು ಅವುಗಳ ಮೇಲೆ ಬರುತ್ತದೆ. ಮೇಲೆ ಕೊಂಬೆಯ ತುದಿಗಳು ತಮ್ಮ ಪಾಡಿಗೆ ಚಿಗುರುತ್ತಿರುತ್ತವೆ. ಗಂಡು ಗೊಂಚಲುಗಳು ಕೆಲವು ಎಲೆಗೊಂಬೆಗಳಲ್ಲೂ ಬರುತ್ತವೆ, ಆದರೆ ಅವು ಬೇಗ ಉದುರಿಹೋಗುವಂಥವು. ಅತ್ತಿಯ ಮರವೂ ಹೀಗೆಯೇ ಕಾಂಡದಲ್ಲಿ ಕಾಯಿ ಕಚ್ಚುತ್ತದೆ, ನಾಗಲಿಂಗ ಪುಷ್ಪದ ಮರವೂ ಕಾಂಡದಲ್ಲೇ ಹೂ ಬಿಡುತ್ತದೆ. ಇವುಗಳಿಗೆ ಹಣ್ಣಿನ ಖರ್ಚು ಇಲ್ಲವೆಂದಲ್ಲ, ಹಲಸಿಗೆ ಇರುವ ಖರ್ಚು ಮಾವಿಗಿಂತ ಹೆಚ್ಚೇ ಇರಬಹುದು. ಆದರೆ ಬೆಳೆಯುವ ಜಾಗ ಬೇರೆ, ಕಾಯಿ ಬಿಡುವ ಜಾಗ ಬೇರೆ. ಜಾಗಕ್ಕಾಗಿ ಜಗಳವಿಲ್ಲ. ಕಾಯಿ ಹೊತ್ತಿರುವಾಗಲೂ ಮುಂದಿನ ವರ್ಷದ ಎಲೆಗಳು ಮೇಲೆ ತಯಾರಾಗುತ್ತಿರುತ್ತವೆ.

ನಿಮ್ಮ ರಸ್ತೆಯ ಹೊಂಗೆ ಮರ ಇದಕ್ಕೆ ಮೂರನೆಯ ಸಾಕ್ಷಿ. ಜಯನಗರದಲ್ಲಿ ಹೊಂಗೆಯಿಲ್ಲದ ರಸ್ತೆ ಅಪರೂಪ. ಬೆಂಗಳೂರಿನ ಇಂದಿನ ಸಾಲುಮರಗಳಲ್ಲಿ ಎಷ್ಟೋ ಮರಗಳು 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಮೇಲ್ವಿಚಾರಣೆಯಲ್ಲಿ ನೆಟ್ಟ ಸುಮಾರು 15 ಲಕ್ಷ ಸಸಿಗಳಿಂದ ಬಂದವು, ಅವರನ್ನು ಈ ನಗರ ಮರೆಯಬಾರದು. ಏಪ್ರಿಲ್ ತಿಂಗಳಲ್ಲಿ ಹೊಂಗೆಯ ಒಂದು ಕೊಂಬೆ ನೋಡಿ. ತಿಳಿನೇರಳೆ ಬೆರೆತ ಬಿಳಿ ಹೂವಿನ ಗೊಂಚಲುಗಳು ಎಲೆಯ ಕಂಕುಳಿನಿಂದ, ಅಂದರೆ ಎಲೆತೊಟ್ಟು ಕೊಂಬೆಗೆ ಸೇರುವ ಮೂಲೆಯಿಂದ ಹೊರಟಿರುತ್ತವೆ. ತುದಿ ಖಾಲಿಯಾಗಿ ಚಿಗುರುತ್ತಲೇ ಇರುತ್ತದೆ. ಹೊಂಗೆಯ ಬೀಜದಲ್ಲಿ ಮೂರನೇ ಒಂದು ಭಾಗದಷ್ಟು ಎಣ್ಣೆ ಇರುತ್ತದೆ. ಎಣ್ಣೆ ಕೂಡಿಡಲು ಸಕ್ಕರೆಗಿಂತ ಎಷ್ಟೋ ಹೆಚ್ಚು ಶಕ್ತಿ ಬೇಕು. ಕಾಯಿ ಬಲಿಯಲು ಹೆಚ್ಚು ಕಡಿಮೆ ಒಂದು ವರ್ಷವೇ ಹಿಡಿಯುತ್ತದೆ. ಇಷ್ಟಾಗಿಯೂ ಹೊಂಗೆ ವರ್ಷ ವರ್ಷ ಹೂ ಬಿಡುತ್ತದೆ. ಹಸಿರಾಗಿರುವ ಕಾಯಿಸಿಪ್ಪೆಯೂ ಎಲೆಯಂತೆ ಬಿಸಿಲಿನಲ್ಲಿ ಸ್ವಲ್ಪ ಸಕ್ಕರೆ ಮಾಡಿಕೊಳ್ಳಬಲ್ಲದು, ತನ್ನ ಖರ್ಚಿನ ಒಂದು ಪಾಲನ್ನು ತಾನೇ ದುಡಿಯುತ್ತದೆ.

ಇನ್ನು ಮಾವು ಮರುವರ್ಷವೂ ಸುಮ್ಮನಿರುವುದೇಕೆ ಎಂಬುದು. ಹಣ್ಣು ಇಳಿಸಿದ ಮೇಲೆ ಹೊಸ ಕುಡಿ ಬಂದು ಜನವರಿಗೆ ಹೂ ಬಿಡಬಹುದಿತ್ತಲ್ಲ? ಇಲ್ಲಿ ಕಾಲದ ಲೆಕ್ಕ ಬರುತ್ತದೆ. ಜೂನ್‌ವರೆಗೆ ಹಣ್ಣು ಹೊತ್ತ ಕೊಂಬೆ ಒಣಗಿದ ಗೊಂಚಲಿನ ಕಡ್ಡಿಯನ್ನು ಉದುರಿಸಿ, ಅದರ ಕೆಳಗಿನ ಮೊಗ್ಗುಗಳಿಂದ ಚಿಗುರಲು ಆಗಸ್ಟ್, ಸೆಪ್ಟೆಂಬರ್, ಕೆಲವೊಮ್ಮೆ ಅಕ್ಟೋಬರ್ ಆಗುತ್ತದೆ. ಕುಡಿಗೆ ಕೆಲವು ತಿಂಗಳು ವಯಸ್ಸಾಗಿ, ಎಲೆ ಕಡುಹಸಿರಾಗಿ, ಮುಟ್ಟಿದರೆ ಗಡುಸಾಗಿರಬೇಕು. ಅಂಥ ಕುಡಿಗೆ ಚಳಿಗಾಲದ ತಂಪು ತಾಗಿದಾಗ ಮಾತ್ರ ಮೊಗ್ಗು ಹೂವಾಗುತ್ತದೆ. ತಡವಾಗಿ ಬಂದ ಕುಡಿ ಜನವರಿಯಲ್ಲಿ ಇನ್ನೂ ಎಳೆಯದು. ಚಳಿ ಬಂದು ಹೋಗುತ್ತದೆ, ಕುಡಿ ಹೂ ಬಿಡುವುದಿಲ್ಲ. ಮುಂದಿನ ಬೇಸಿಗೆಯಲ್ಲಿ ಹೊರಲು ಹಣ್ಣಿಲ್ಲದ್ದರಿಂದ ಅದೇ ಕೊಂಬೆ ಧಾರಾಳವಾಗಿ ಚಿಗುರಿ, ಆ ಚಿಗುರು ಚೆನ್ನಾಗಿ ಬಲಿತು, ಅದರ ಮುಂದಿನ ಜನವರಿಯಲ್ಲಿ ಮೈತುಂಬ ಹೂ. ಕೋಲಾರ, ರಾಮನಗರದ ಬೆಳೆಗಾರರು ಏರು ಹಂಗಾಮು, ಇಳಿ ಹಂಗಾಮು ಎನ್ನುವುದು ಇದನ್ನೇ.

ಇದರ ಜೊತೆಗೆ ರಾಸಾಯನಿಕ ಸೂಚನೆಗಳೂ ಕೆಲಸ ಮಾಡುತ್ತವೆ. ಜಿಬ್ಬರೆಲಿನ್ ಎಂಬ ಸಸ್ಯ ಹಾರ್ಮೋನು ಕುಡಿಯನ್ನು ಉದ್ದ ಬೆಳೆಸುತ್ತದೆ, ಮಾವಿನಲ್ಲಿ ಹೂವನ್ನು ತಡೆಯುತ್ತದೆ. ಸೇಬಿನ ಮರಗಳ ಮೇಲೆ ನಡೆದ ಪ್ರಯೋಗವೊಂದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಬೀಜವಿಲ್ಲದ ಹಣ್ಣು ಹೊತ್ತ ಕೊಂಬೆಗಳು ಮರುವರ್ಷ ಹೂ ಬಿಟ್ಟವು, ಬೀಜವಿರುವ ಹಣ್ಣು ಹೊತ್ತವು ಹಿಂಜರಿದವು. ಹಣ್ಣಿನ ತಿರುಳು ಎರಡರಲ್ಲೂ ಇತ್ತು. ಅಂದರೆ ಮರ ಬರಿದಾದದ್ದರಿಂದಷ್ಟೇ ಹೂ ನಿಲ್ಲುವುದಿಲ್ಲ, ಎಳೆಯ ಬೀಜಗಳು ಕಳಿಸುವ ಸೂಚನೆಯಿಂದಲೂ ನಿಲ್ಲುತ್ತದೆ. ‘ಆಯಾಸ’ ಎಂಬ ವಿವರಣೆ ಅರ್ಧ ಮಾತ್ರ ನಿಜ ಎಂದು ಮೊದಲೇ ನಾನು ಅನುಮಾನಿಸಿದ್ದು ಈ ಕಾರಣಕ್ಕೆ.

ತಳಿಗಳಲ್ಲಿಯೂ ಭೇದವಿದೆ. ನಿಮ್ಮ ಬಾದಾಮಿ, ಅಂದರೆ ಆಲ್ಫಾನ್ಸೊ, ವರ್ಷ ಬಿಟ್ಟು ವರ್ಷ ಬಿಡುವುದಕ್ಕೆ ಹೆಸರಾದದ್ದು. ನೀಲಂ, ತೋತಾಪುರಿಗಳು ಕಾಯಿ ಬಿಟ್ಟ ಕೊಂಬೆಯಿಂದಲೇ ಬೇಗ ಹೊಸ ಕುಡಿ ಹೊರಡಿಸುವುದರಿಂದ ಬಹುತೇಕ ಪ್ರತಿ ವರ್ಷ ಬಿಡುತ್ತವೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ನೀಲಂ ಮತ್ತು ದಶಹರಿಗಳನ್ನು ಕೂಡಿಸಿ ಮಲ್ಲಿಕಾ, ಆಮ್ರಪಾಲಿ ತಳಿಗಳನ್ನು ಹೊರತಂದದ್ದು ಮುಖ್ಯವಾಗಿ ಈ ಗುಣಕ್ಕಾಗಿ. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಪುನೀತ್, ಅರ್ಕಾ ಅರುಣ ತಳಿಗಳಲ್ಲಿ ಬಾದಾಮಿಯ ರಕ್ತವೇ ಇದೆ, ಆದರೆ ಇವು ಪ್ರತಿ ವರ್ಷ ಫಸಲು ಕೊಡುತ್ತವೆ. ಆಮ್ರಪಾಲಿಯನ್ನು ಗಮನಿಸಿ: ಪ್ರತಿ ವರ್ಷ ಬಿಡುತ್ತದೆ, ಮರ ಗಿಡ್ಡ. ಹತ್ತು ಮೀಟರ್ ಅಂತರದಲ್ಲಿ ನೆಡುವ ಸಾಂಪ್ರದಾಯಿಕ ಮಾವು ಹೆಕ್ಟೇರಿಗೆ ನೂರು ಹಿಡಿಸಿದರೆ, ಎರಡೂವರೆ ಮೀಟರ್ ಅಂತರದಲ್ಲಿ ನೆಡಬಹುದಾದ ಆಮ್ರಪಾಲಿ 1,600 ಹಿಡಿಸುತ್ತದೆ. ಕಾಯಿಗೂ ಕಾಂಡಕ್ಕೂ ಇರುವ ಕೊಡು-ಕೊಳ್ಳುವಿಕೆ ಇಲ್ಲಿ ತಳಿಯ ಗುಣವಾಗಿಯೇ ನಿಂತಿದೆ.

ಈಗ ಬಹಳ ಮಂದಿಗೆ ಆಗುವ ಗೊಂದಲಕ್ಕೆ ಬರೋಣ. ‘ಕಾಯಿ ಹೆಚ್ಚಾದ ವರ್ಷ ಬೆಳವಣಿಗೆ ಕಡಿಮೆ, ಆದ್ದರಿಂದ ಕಾಯಿಯೇ ಬೆಳವಣಿಗೆಯನ್ನು ತಿಂದಿತು’ ಎಂದು ತೀರ್ಮಾನಿಸುವುದು ಸಹಜ. ಆದರೆ ಎರಡರ ಹಿಂದೆಯೂ ಮೂರನೆಯದೊಂದು ಇರಬಹುದು. ಅದು ಹವಾಮಾನ.

ಕ್ಯಾಲಿಫೋರ್ನಿಯಾದ ಓಕ್ ಕಾಡುಗಳಲ್ಲಿ ಜೊಹಾನೆಸ್ ನಾಪ್ಸ್, ವಾಲ್ಟರ್ ಕೋನಿಗ್ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ಮರಗಳ ಬೆಳವಣಿಗೆಯನ್ನೂ ಕಾಯಿಯ ಇಳುವರಿಯನ್ನೂ ಅಳೆದರು. ಬೆಳವಣಿಗೆ ಹೆಚ್ಚಿದ ವರ್ಷ ಕಾಯಿ ಕಡಿಮೆ, ಕಾಯಿ ಹೆಚ್ಚಿದ ವರ್ಷ ಬೆಳವಣಿಗೆ ಕಡಿಮೆ. ನಿಮ್ಮ ತಂದೆಯವರ ಮಾತಿಗೆ ತಕ್ಕ ಹಾಗೆಯೇ. ಆದರೆ ಮಳೆಯ ಲೆಕ್ಕ ಸೇರಿಸಿ ನೋಡಿದಾಗ ಚಿತ್ರ ಬದಲಾಯಿತು. ಚೆನ್ನಾಗಿ ಮಳೆಯಾದ ವರ್ಷ ಮರ ಬೆಳೆಯುತ್ತಿತ್ತು. ಓಕ್‌ನ ಪರಾಗವನ್ನು ಒಯ್ಯುವುದು ಗಾಳಿ, ಮಳೆ ಬಂದರೆ ಪರಾಗ ತೊಯ್ದು ಹೋಗುತ್ತದೆ. ಕಾಯಿಗೆ ಬೇಕಾದದ್ದು ಮಳೆಯಲ್ಲ. ಒಂದು ಇನ್ನೊಂದರ ಪಾಲನ್ನು ಕಿತ್ತುಕೊಂಡಿತೆಂದು ಹೇಳಲು ಆಧಾರ ಉಳಿಯಲಿಲ್ಲ, ಎರಡೂ ತಮ್ಮ ತಮ್ಮ ಹವಾಮಾನಕ್ಕೆ ಓಗೊಟ್ಟಿದ್ದವು. 2007ರಲ್ಲಿ ಪ್ರಕಟವಾದ ಈ ಅಧ್ಯಯನ ನಮಗೆಲ್ಲ ಒಂದು ಒಳ್ಳೆಯ ಎಚ್ಚರಿಕೆ.

ಬೆಂಗಳೂರಿನಲ್ಲೂ ಇದು ನಡೆಯುತ್ತದೆ. ನವೆಂಬರ್-ಡಿಸೆಂಬರಿನಲ್ಲಿ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದು ನಮ್ಮಲ್ಲಿ ದಿನಗಟ್ಟಲೆ ಜಿಟಿಜಿಟಿ ಹಿಡಿಯುತ್ತದಲ್ಲ, ಆ ವರ್ಷ ಮಣ್ಣಿನಲ್ಲಿ ತೇವ ನಿಂತು, ಹೂವಾಗಬೇಕಾದ ಮೊಗ್ಗು ಚಿಗುರಾಗಿಬಿಡುತ್ತದೆ. ಬಂದ ಅಲ್ಪಸ್ವಲ್ಪ ಹೂವಿಗೂ ಮೋಡದ ವಾತಾವರಣದಲ್ಲಿ ಬೂದಿರೋಗ, ಜಿಗಿಹುಳು ಹತ್ತುತ್ತವೆ. ನೋಡುವವರಿಗೆ ‘ಈ ವರ್ಷ ಮರ ಬೆಳೆಯುವ ಮನಸ್ಸು ಮಾಡಿದೆ’ ಎನಿಸುತ್ತದೆ. ಹೋದ ವರ್ಷ ಆ ಮರ ಒಂದು ಹಣ್ಣೂ ಬಿಡದಿದ್ದರೂ ಇದು ಆಗುತ್ತಿತ್ತು.

ಇವೆರಡನ್ನು ನೀವೇ ಬೇರ್ಪಡಿಸಬಹುದು. ಈ ವರ್ಷ ನಿಮ್ಮ ಮಾವು ಬಿಡಲಿಲ್ಲವೆಂದರೆ ಬನಶಂಕರಿಯಲ್ಲಿ, ಜೆ.ಪಿ. ನಗರದಲ್ಲಿ ಇದೇ ತಳಿಯ ಮರ ಇರುವ ಪರಿಚಯದವರನ್ನು ಕೇಳಿ. ಎಲ್ಲರದೂ ಒಟ್ಟಿಗೆ ಕೈಕೊಟ್ಟಿದ್ದರೆ ಹವಾಮಾನವನ್ನು ಮೊದಲು ಶಂಕಿಸಿ. ಅವರ ಮರ ಬಿಟ್ಟು ನಿಮ್ಮದು ಮಾತ್ರ ಬಿಡದಿದ್ದರೆ ಕಾರಣ ಮರದೊಳಗಿನ ಲೆಕ್ಕದಲ್ಲಿ ಇರುವ ಸಾಧ್ಯತೆ ಹೆಚ್ಚು. ಒಂದು ತೊಡಕು ಮಾತ್ರ ನೆನಪಿರಲಿ: ಕೆಟ್ಟ ಹವಾಮಾನದ ಒಂದು ವರ್ಷ ಎಲ್ಲ ಮರಗಳನ್ನೂ ಒಟ್ಟಿಗೆ ಖಾಲಿ ಕೂರಿಸಿದರೆ, ಮರುವರ್ಷ ಎಲ್ಲವೂ ಒಟ್ಟಿಗೇ ಬಿಡುತ್ತವೆ, ಅಲ್ಲಿಂದ ಮುಂದೆ ಇಡೀ ಊರಿನ ಮಾವು ಕೆಲವು ವರ್ಷ ಒಂದೇ ಸರದಿಯಲ್ಲಿ ಸಾಗುತ್ತದೆ. ಇನ್ನೂ ಖಚಿತವಾಗಿ ತಿಳಿಯಲು ಒಂದೇ ಮರದ ಕೊಂಬೆಗಳನ್ನು ಹೋಲಿಸಬೇಕು. ಈ ಬಾರಿ ಹಣ್ಣು ಹೊತ್ತ ಕೆಲವು ಕುಡಿಗಳಿಗೆ ಕೆಂಪು ದಾರ, ಹೊರದ ಕೆಲವಕ್ಕೆ ಬಿಳಿ ದಾರ ಕಟ್ಟಿಡಿ. ಮಳೆ, ಚಳಿ, ಮಣ್ಣು ಎಲ್ಲ ಎರಡಕ್ಕೂ ಒಂದೇ. ಜನವರಿಯಲ್ಲಿ ಬಿಳಿ ದಾರದವು ಹೂ ಬಿಟ್ಟು ಕೆಂಪು ದಾರದವು ಬಿಡದಿದ್ದರೆ, ಹವಾಮಾನದ ಮೇಲೆ ಹೊರಿಸುವಂತಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನ ಗೊಂದಲವೂ ಒಂದುಂಟು. ‘ನಮ್ಮ ಬೀದಿಯ ದೊಡ್ಡ ಮರವೇ ಹೆಚ್ಚು ಕಾಯಿ ಬಿಡುತ್ತದೆ, ಬೇಗ ಬೆಳೆಯುವುದೂ ಅದೇ. ಹಾಗಾದರೆ ಪೈಪೋಟಿ ಎಲ್ಲಿದೆ?’ ಎಂದು ಕೇಳುವವರಿದ್ದಾರೆ. ಹೆಚ್ಚು ಸಂಬಳದ ಮನೆಯಲ್ಲಿ ಸ್ವಂತ ಮನೆಯೂ ಇರುತ್ತದೆ, ಮೈಮೇಲೆ ಚಿನ್ನವೂ ಇರುತ್ತದೆ. ಮನೆಗೆ ಹಾಕಿದ ದುಡ್ಡು ಚಿನ್ನಕ್ಕೆ ಸಿಗುವುದಿಲ್ಲ ಎಂಬ ಮಾತು ಅದರಿಂದ ಸುಳ್ಳಾಗುವುದಿಲ್ಲ. ಒಳ್ಳೆಯ ಮಣ್ಣು, ಬಿಸಿಲು, ನೀರು ಸಿಕ್ಕ ಮರಕ್ಕೆ ಎರಡಕ್ಕೂ ಸಾಕಾಗುವಷ್ಟು ಇರುತ್ತದೆ. ಬುಡದವರೆಗೆ ಕಾಂಕ್ರೀಟ್ ಹಾಕಿಸಿಕೊಂಡು ನಿಂತ ಪಾದಚಾರಿ ಮಾರ್ಗದ ಮರಕ್ಕೆ ಎರಡೂ ಕಷ್ಟ. ಅದಕ್ಕಾಗಿಯೇ ಮರವನ್ನು ಮರದೊಂದಿಗೆ ಹೋಲಿಸದೆ, ಒಂದೇ ಮರದ ವರ್ಷವನ್ನು ವರ್ಷದೊಂದಿಗೆ, ಕೊಂಬೆಯನ್ನು ಕೊಂಬೆಯೊಂದಿಗೆ ಹೋಲಿಸಿ ಎನ್ನುತ್ತೇನೆ.

ಕಾಡುಮರಗಳ ಬಗ್ಗೆ ಕೇಳಿದ್ದೀರಿ. ನಿಯಮ ಅದೇ, ಆದರೆ ಕಾಡಿನಲ್ಲಿ ಬೆಳಕಿಗಾಗಿ ಹೋರಾಟ ಸೇರಿಕೊಳ್ಳುತ್ತದೆ. ದಟ್ಟ ಕಾಡಿನಲ್ಲಿ ನೆರಳಿಗೆ ಸಿಕ್ಕಿದ ಎಳೆಮರ ಹೂ ಬಿಡುತ್ತ ಕೂತರೆ ಪಕ್ಕದ ಮರ ಅದನ್ನು ಮೀರಿ ಮೇಲೇರಿಬಿಡುತ್ತದೆ. ಆದ್ದರಿಂದ ಕಾಡಿನ ಮರ ಮೊದಲು ಎತ್ತರಕ್ಕೆ ಹೋಗುತ್ತದೆ, ನೆತ್ತಿಗೆ ಬಿಸಿಲು ಬಿದ್ದ ಮೇಲೆ ಧಾರಾಳವಾಗಿ ಹೂ ಬಿಡುತ್ತದೆ. ಅದೇ ಜಾತಿ ರಸ್ತೆ ಬದಿಯಲ್ಲಿ ಒಂಟಿಯಾಗಿ ನಿಂತರೆ ಅಗಲಕ್ಕೆ ಹರಡಿ, ಚಿಕ್ಕ ವಯಸ್ಸಿಗೇ ಹೂ ಬಿಡುವುದುಂಟು. ಕನಕಪುರ ರಸ್ತೆಯ ತುರಹಳ್ಳಿ ದಟ್ಟ ಕಾಡಲ್ಲ, ಬಂಡೆಗಳ ನಡುವಿನ ತೆಳು ಮಣ್ಣಿನ ಕುರುಚಲು ಕಾಡು. ಅಲ್ಲಿ ಬೆಳಕಿಗೆ ಬರವಿಲ್ಲ, ನೀರಿಗೆ ಬರ.

ನೀರಿಗೆ ಬರವಿರುವ ಇಂಥ ಒಣ ಎಲೆಯುದುರು ಕಾಡಿನ ಮರಗಳಲ್ಲಿ ಕೆಲವು ಪೈಪೋಟಿಯನ್ನು ಕಾಲದಲ್ಲಿ ಹಂಚಿಕೊಂಡಿವೆ. ಮುತ್ತುಗ ಮಾಘ-ಫಾಲ್ಗುಣದಲ್ಲಿ ಎಲೆಯೆಲ್ಲ ಉದುರಿಸಿ ಬರೀ ಹೂ ಹೊರುತ್ತದೆ, ಎಲೆಯಿಲ್ಲದೆ ಹೊಸ ಸಕ್ಕರೆ ಎಲ್ಲಿಂದ? ಹಿಂದಿನ ಮಳೆಗಾಲದಲ್ಲಿ ಕೊಂಬೆ, ಕಾಂಡ, ಬೇರುಗಳಲ್ಲಿ ಕೂಡಿಟ್ಟದ್ದನ್ನೇ ಅದು ಖರ್ಚು ಮಾಡುತ್ತಿರುತ್ತದೆ. ಹೂವಿನ ಕೆಲಸ ಮುಗಿಯುತ್ತ ಬಂದಾಗ ಎಲೆ ಚಿಗುರುತ್ತದೆ. ಬೂರುಗದ ಕ್ರಮವೂ ಇದೇ.

ಆದರೆ ಕಾಡುಮರಗಳಲ್ಲಿ ನನಗೆ ಎಲ್ಲಕ್ಕಿಂತ ಸ್ಪಷ್ಟ ಪಾಠ ಹೇಳುವುದು ತೇಗ. ತೇಗದ ಹೂಗೊಂಚಲೂ ಮಾವಿನ ಹಾಗೆ ತುದಿಯಲ್ಲೇ ಬರುತ್ತದೆ. ಎಳೆಯ ತೇಗ ಒಂದೇ ಕಾಂಡವಾಗಿ ನೆಟ್ಟಗೆ ಏರುತ್ತದೆ. ಮೊದಲ ಬಾರಿಗೆ ಆ ನಡುಕಾಂಡದ ತುದಿಯೇ ಹೂವಾದ ದಿನ, ನೆಟ್ಟಗೆ ಏರುವ ಕಾಂಡದ ಕಥೆ ಮುಗಿಯಿತು. ಹೂವಿನ ಕೆಳಗಿನ ಜೋಡಿ ಮೊಗ್ಗುಗಳು ಒಡೆದು ಮರ ಅಲ್ಲಿಂದ ಕವಲಾಗುತ್ತದೆ. ಆರು ವರ್ಷಕ್ಕೆ ಹೂ ಬಿಟ್ಟ ತೇಗ ಕೆಳಗೇ ಕವಲೊಡೆದರೆ, ಹೆಚ್ಚು ಕಾಲ ಕಾದದ್ದು ಎತ್ತರದಲ್ಲಿ ಕವಲೊಡೆಯುತ್ತದೆ. ಉದ್ದ ದಿಮ್ಮಿ ಬೇಕಾದ ಅರಣ್ಯ ಇಲಾಖೆಯವರು ತಡವಾಗಿ ಹೂ ಬಿಡುವ ತೇಗವನ್ನು ಬೀಜಕ್ಕೆ ಆರಿಸುವುದು ಇದೇ ಕಾರಣಕ್ಕೆ. ದಕ್ಷಿಣ ಬೆಂಗಳೂರಿನ ಎಷ್ಟೋ ಸೈಟುಗಳ ಅಂಚಿನಲ್ಲಿ ತೇಗವಿದೆ. ಮಳೆಗಾಲದಲ್ಲಿ ಕೆನೆಬಣ್ಣದ ದೊಡ್ಡ ಗೊಂಚಲು ಕಂಡಾಗ ಕಣ್ಣನ್ನು ಹಾಗೆಯೇ ಕೆಳಗಿಳಿಸಿ, ಕಾಂಡ ಎರಡಾದ ಜಾಗವನ್ನು ಹುಡುಕಿ. ಪೆಟ್ಟು ತಿಂದು ಕವಲಾದದ್ದೂ ಇರಬಹುದು, ಆದರೆ ಗಾಯದ ಗುರುತಿಲ್ಲದ ಜೋಡಿ ಕವಲು ಬಹುಶಃ ಆ ಮರದ ಮೊದಲ ಹೂವಿನ ಜಾಗ.

ಕೊನೆಗೆ ಮೊಳೆಯ ವಿಚಾರ. ದಯವಿಟ್ಟು ಹೊಡೆಯಬೇಡಿ. ಈ 'ಮದ್ದಿ'ನ ಹಿಂದೆ ಒಂದು ಸತ್ಯಾಂಶವಿದೆ. ಎಲೆ ಮಾಡಿದ ಸಕ್ಕರೆ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಅಲ್ಲಿ ಗಾಯ ಮಾಡಿದರೆ, ಉಂಗುರದಂತೆ ತೊಗಟೆ ತೆಗೆದರೆ, ಸಕ್ಕರೆ ಮೇಲೆಯೇ ಉಳಿದು ಕೆಲವೊಮ್ಮೆ ಹೂ ಬರುತ್ತದೆ. ಆ ಹೂವಿನ ಬೆಲೆಯನ್ನು ತೆರುವುದು ಹಸಿದ ಬೇರು. ಗಾಯದಿಂದ ಶಿಲೀಂಧ್ರ, ಕಾಂಡಕೊರಕ ಹುಳು ಒಳಸೇರುತ್ತವೆ. ಮಾವಿನ ತೋಟಗಳಲ್ಲಿ ಬೆಳೆಗಾರರು ಬುಡಕ್ಕೆ ಹಾಕುವ ಪ್ಯಾಕ್ಲೋಬ್ಯುಟ್ರಜಾಲ್ ಎಂಬ ರಾಸಾಯನಿಕ ಜಿಬ್ಬರೆಲಿನ್ ಉತ್ಪತ್ತಿಯನ್ನು ತಗ್ಗಿಸಿ ಕುಡಿಯ ಬೆಳವಣಿಗೆ ನಿಲ್ಲಿಸಿ ಹೂ ತರಿಸುತ್ತದೆ. ಅದು ಮಣ್ಣಿನಲ್ಲಿ ಬಹುಕಾಲ ಉಳಿಯುವ ವಸ್ತು, ಅಕ್ಕಪಕ್ಕ ಕರಿಬೇವು, ತುಳಸಿ ಇರುವ ಮನೆಯ ಹಿತ್ತಲಿಗೆ ಬೇಡ.

ನೀವು ಮಾಡಬಹುದಾದದ್ದು ಕಾಲವನ್ನು ಹಿಂದಕ್ಕೆ ಎಳೆದುಕೊಳ್ಳುವ ಕೆಲಸ. ಹಣ್ಣು ಇಳಿಸಿದ ಕೂಡಲೇ, ಜೂನ್ ಕೊನೆಯೊಳಗೆ, ಒಣಗಿದ ಗೊಂಚಲು ಕಡ್ಡಿಗಳನ್ನು ಅವುಗಳ ಕೆಳಗಿನ ಒಂದೆರಡು ಗೆಣ್ಣು ಸಮೇತ ಕತ್ತರಿಸಿ, ಬುಡಕ್ಕೆ ಗೊಬ್ಬರ ಕೊಡಿ. ಹೀಗೆ ಮಾಡಿದರೆ ಕುಡಿ ಆಗಸ್ಟಿನೊಳಗೆ ಬಂದು ಜನವರಿಗೆ ಬಲಿಯಲು ಸಮಯ ಸಿಗುತ್ತದೆ. ವಿದ್ಯುತ್ ತಂತಿಗೆ ತಾಗುತ್ತದೆಂದು ದಪ್ಪ ಕೊಂಬೆಗಳನ್ನೇ ಕಡಿಸಬೇಕಾಗಿ ಬಂದರೆ ಒಂದೆರಡು ವರ್ಷ ಆ ಭಾಗದಲ್ಲಿ ಬರೀ ಚಿಗುರು ಬರುತ್ತದೆ, ಗಾಬರಿಯಾಗಬೇಡಿ. ನವೆಂಬರಿನಿಂದ ಹೂ ಕಾಣುವವರೆಗೆ ಬುಡಕ್ಕೆ ನೀರು ಬಿಡಬೇಡಿ, ಅಂಗಳ ತೊಳೆದ ನೀರೂ ಅತ್ತ ಹರಿಯದಿರಲಿ. ಮರ ಚಿಕ್ಕದಾಗಿದ್ದು ಕೈಗೆಟಕುವಂತಿದ್ದರೆ, ಏರು ವರ್ಷದಲ್ಲಿ ಅರ್ಧದಷ್ಟು ಕೊಂಬೆಗಳ ಹೂಗೊಂಚಲನ್ನು ಮಿಡಿ ಕಚ್ಚುವ ಮೊದಲೇ ತೆಗೆದುಬಿಡಬಹುದು. ಆ ಅರ್ಧ ಮರುವರ್ಷಕ್ಕೆ ತಯಾರಾಗುತ್ತದೆ. ಹಲಸಿಗೆ ಇದಾವುದೂ ಬೇಕಿಲ್ಲ. ಅದರ ಕಾಂಡದ ಮೇಲಿನ ಗಿಡ್ಡ ಕಡ್ಡಿಗಳನ್ನು ‘ಕ್ಲೀನ್ ಮಾಡುತ್ತೇವೆ’ ಎಂದು ಯಾರಾದರೂ ಬೋಳಿಸಲು ಬಂದರೆ ಮಾತ್ರ ಬೇಡವೆನ್ನಿ. ಮುಂದಿನ ಕಾಯಿ ಬರುವುದು ಆ ಜಾಗದಲ್ಲೇ.